ಯಂತ್ರದ ಮನೆಯವರು

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಗಾದೆ ಕಟ್ಟಿದವನು ಯಾರೋ, ಅವನಿಗೆ ಮದುವೆ ಆಗಿರಲಿಕ್ಕಿಲ್ಲ. ದಿಕ್ಸೂಚಿ ಮತ್ತು ಅವನ ಹೆಂಡತಿ ಜಗಳವಾಡಿದ ಮೇಲೆ ಹನ್ನೊಂದು ದಿನ ಉಂಡರು, ಹನ್ನೊಂದು ದಿನ ಮಲಗಿದರು. ಮಾತು ಮಾತ್ರ ಬರಲಿಲ್ಲ. ಹನ್ನೆರಡನೆಯ ದಿನ ಕಸ ಗುಡಿಸುವ ಯಂತ್ರ ಬಂತು.

ಹೆಂಡತಿ ಟೈಲರ್. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಸಂಜೆಯ ಹೊತ್ತಿಗೆ ಅಲ್ಲಿಯ ನೆಲದ ಮೇಲೆ ನೂಲಿನ ತುಂಡು, ಬಟ್ಟೆಯ ಚೂರು, ಸೀಮೆಸುಣ್ಣದ ಪುಡಿ ಬಿದ್ದಿರುತ್ತಿದ್ದವು. ಅದನ್ನು ಗುಡಿಸುವುದು ಮೊದಲಿನಿಂದಲೂ ದಿಕ್ಸೂಚಿಯ ಕೆಲಸ. ಮಾತು ಬಿಟ್ಟ ದಿನವೇ ಅವನು ಪೊರಕೆಯನ್ನೂ ಬಿಟ್ಟ. ಈ ಮನುಷ್ಯನ ಮುಂದೆ ಬಾಯಿ ತೆರೆಯುವುದಕ್ಕಿಂತ ಒಂದು ಯಂತ್ರ ತರಿಸುವುದೇ ಮೇಲು ಎಂದು ಅವಳಿಗೆ ಅನ್ನಿಸಿತು.

ಯಂತ್ರ ದುಂಡಗೆ, ಕಪ್ಪಗೆ, ಕವುಚಿ ಹಾಕಿದ ಬಾಣಲೆಯ ಹಾಗಿತ್ತು. ಅದಕ್ಕೆ ಮಾತು ಬರುತ್ತಿತ್ತು, ಅದೂ ಸರ್ಕಾರಿ ಸುತ್ತೋಲೆಯ ಕನ್ನಡ. ಡಬ್ಬದಿಂದ ತೆಗೆದು ಗುಂಡಿ ಒತ್ತಿದ ಕೂಡಲೇ, "ನಮಸ್ಕಾರ. ನನ್ನ ಶಕ್ತಿ ಕ್ಷೀಣಿಸಿದಾಗ ನಾನು ಹಿಂತಿರುಗಬೇಕಾದ ಮನೆಯನ್ನು ದಯವಿಟ್ಟು ತೋರಿಸಿ" ಎಂದಿತು. ಅದನ್ನು ಎತ್ತಿ ಚಾರ್ಜಿನ ಹಲಗೆಯ ಮೇಲಿಟ್ಟು "ಇದು ಮನೆ" ಎನ್ನಬೇಕೆಂದು ಪುಸ್ತಕದಲ್ಲಿ ಬರೆದಿತ್ತು. ಅವಳು ಪುಸ್ತಕ ಓದುತ್ತಿರುವಾಗಲೇ ಒಬ್ಬ ಹೊಸ ಗಿರಾಕಿ ಒಳಗೆ ಬಂದಳು. ಅಸ್ತರು ಹರಿದ ಕೋಟನ್ನು ಮೇಜಿನ ಮೇಲೆ ಹಾಕಿ, ಮೂಲೆಯ ಸ್ಟೂಲಿನಲ್ಲಿ ಗೋಡೆ ನೋಡುತ್ತಾ ಕುಳಿತವನನ್ನು ಕಂಡು, ಇವರು ಯಾರು, ಗುಂಡಿ ಹಾಕುವುದಕ್ಕೆ ಇಟ್ಟುಕೊಂಡಿದ್ದೀರಾ ಎಂದು ಕೇಳಿದಳು.

ಹನ್ನೆರಡು ದಿನದಿಂದ ಹೆಂಡತಿ ಆ ಮನುಷ್ಯನಿಗೆ ಯಾವ ಶಬ್ದವನ್ನೂ ಬಳಸಿರಲಿಲ್ಲ. ಆದರೆ ಗಿರಾಕಿಗೆ ಉತ್ತರ ಕೊಡಲೇಬೇಕಲ್ಲ. ಅವನತ್ತ ಬೆರಳು ಮಾಡಿ, "ಅಯ್ಯೋ, ಅಲ್ಲಮ್ಮ, ಇವರು ನಮ್ಮ ಮನೆಯವರು" ಎಂದಳು.

ಯಂತ್ರ ಅರ್ಧ ಸುತ್ತು ತಿರುಗಿತು. ಕೋಣೆ ದಾಟಿ ಹೋಗಿ ದಿಕ್ಸೂಚಿಯ ಹಿಮ್ಮಡಿಗೆ ಮೆಲ್ಲಗೆ ಹಣೆ ತಾಗಿಸಿತು. "ಮನೆಯನ್ನು ಗುರುತಿಸಲಾಗಿದೆ. ಧನ್ಯವಾದಗಳು."

ಯಂತ್ರದ ತಪ್ಪಿಲ್ಲ. ಗಂಡನಿಗೆ ಗಂಡ ಎನ್ನದೆ ಮನೆಯವರು ಎನ್ನುವ ನಮ್ಮ ಬಾಯಿಯನ್ನು ಯಂತ್ರ ಮಾಡಿದವರು ಕಂಡಿರಲಿಲ್ಲ. ಅಲ್ಲಿದ್ದ ಮೂವರೂ ಅದನ್ನು ಗಮನಿಸಲಿಲ್ಲ. ಹೆಂಡತಿ ಕೋಟಿನ ಅಸ್ತರು ನೋಡುತ್ತಿದ್ದಳು, ಗಿರಾಕಿ ಹೆಂಡತಿಯ ಮುಖ ನೋಡುತ್ತಿದ್ದಳು, ದಿಕ್ಸೂಚಿ ತನ್ನನ್ನು ಇನ್ನೂ ಮನೆಯವರ ಲೆಕ್ಕಕ್ಕೆ ಇಟ್ಟಿದ್ದಾಳಲ್ಲ ಎಂದು ಒಳಗೊಳಗೇ ಹಿಗ್ಗುತ್ತಿದ್ದ.

ದಿಕ್ಸೂಚಿ ಎನ್ನುವುದು ಅವನ ಹೆಸರಲ್ಲ. ಬೋಳುತಲೆಯವನನ್ನು ಗುಂಗುರುಕೂದಲು ಎಂದು ಕರೆಯುವಂಥ ಗೆಳೆಯರು ಕಚೇರಿಯಲ್ಲಿ ಇಟ್ಟದ್ದು. ಅವನಿಗೆ ದಿಕ್ಕು ತಿಳಿಯುತ್ತಿರಲಿಲ್ಲ. ಶೌಚಾಲಯದಿಂದ ಹೊರಗೆ ಬಂದು ತನ್ನ ಮೇಜಿಗೆ ಹೋಗುವ ಬದಲು ಉಗ್ರಾಣಕ್ಕೆ ಹೋಗಿಬಿಡುತ್ತಿದ್ದ. ಹದಿನಾರು ವರ್ಷದಿಂದ ಮನೆ ಸೇರುತ್ತಿದ್ದುದು ಗುರುತುಗಳನ್ನು ನೆಚ್ಚಿಕೊಂಡು: ಗಡಿಯಾರದ ಅಂಗಡಿ, ಆಮೇಲೆ ನೀಲಿ ಗೇಟು, ಆಮೇಲೆ ಬಗ್ಗಿದ ದೀಪದ ಕಂಬ. ಒಂದು ಸಲ ನೀಲಿ ಗೇಟಿಗೆ ಹಸಿರು ಬಣ್ಣ ಬಳಿದಿದ್ದರು. ಆವತ್ತು ಅವನು ಊರಾಚೆಯ ಇಟ್ಟಿಗೆ ಗೂಡು ಮುಟ್ಟಿ ಬಂದಿದ್ದ. ಹಾಗಾದರೆ ಯಾರನ್ನಾದರೂ ದಾರಿ ಕೇಳಬಾರದೇ? ಅಲ್ಲೇ ಇರುವುದು ಅವನ ರೋಗ. ಅವನು ಕೆಲಸ ಮಾಡುತ್ತಿದ್ದುದು ರೈಲು ನಿಲ್ದಾಣದ ಕಳೆದ ವಸ್ತುಗಳ ಕಚೇರಿಯಲ್ಲಿ. ಕಳಕೊಂಡವರು ತನ್ನ ಕಿಟಕಿಗೆ ಬರಬೇಕೇ ಹೊರತು ತಾನು ಬೀದಿಯಲ್ಲಿ ನಿಂತು, ಸ್ವಾಮಿ, ನಾನೆಲ್ಲಿದ್ದೇನೆ ಎಂದು ಕೇಳುವುದೆಂದರೆ ಅವನಿಗೆ ಬಟ್ಟೆ ಬಿಚ್ಚಿ ನಿಂತಷ್ಟು ನಾಚಿಕೆ.

ಜಗಳ ಆದದ್ದೂ ಇದಕ್ಕೇ. ಹೆಂಡತಿಯ ತಂಗಿಯ ಮಗಳ ಮದುವೆ. ಇಪ್ಪತ್ತು ನಿಮಿಷದ ದಾರಿಗೆ ಅವರು ನಾಲ್ಕು ಗಂಟೆ ಕಾರಿನಲ್ಲಿ ಸುತ್ತಿದರು. ಒಂದೇ ಪೆಟ್ರೋಲ್ ಬಂಕಿನ ಮುಂದೆ ಐದು ಸಲ ಹೋದರು. ನಾಲ್ಕನೆಯ ಸಲ ಬಂಕಿನವನು ಕೈ ಬೀಸಿದ. ಬಾಯಿದ್ದವ ಬದುಕಿಯಾನು, ಅವನನ್ನು ಒಂದು ಮಾತು ಕೇಳಿ ಎಂದು ಅವಳು ಹೇಳುತ್ತಲೇ ಇದ್ದಳು, ಗೊತ್ತು ಸುಮ್ಮನಿರು ಎಂದು ಇವನು ಅನ್ನುತ್ತಲೇ ಇದ್ದ. ಅವರು ಮುಟ್ಟಿದಾಗ ಕುರ್ಚಿ ಮಡಚುತ್ತಿದ್ದರು. ಎರಡು ತಿಂಗಳು ಕೂತು ಹೊಲಿದ ಮದುವಣಗಿತ್ತಿಯ ಉಡುಪು ಪೆಟ್ಟಿಗೆಯಲ್ಲಿ, ಪೆಟ್ಟಿಗೆ ಅವಳ ತೊಡೆಯ ಮೇಲೆ. ಹುಡುಗಿ ಯಾರದೋ ಬಟ್ಟೆ ತೊಟ್ಟು ಮದುವೆಯಾಗಿ ಹೋಗಿದ್ದಳು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಅವಳು ಅಳಲಿಲ್ಲ. ನಿಮ್ಮ ಬಾಯಿಗೆ ಹೇಗೂ ಬೀಗ ಇದೆ, ಇನ್ನು ನನ್ನ ಬಾಯಿಗೂ ಬೀಗ ಎಂದು ಹೇಳಿ ಕಾರಿನಲ್ಲಿ ಹಿಂದಿನ ಸೀಟಿಗೆ ಹೋಗಿ ಕುಳಿತಳು.

ತಪ್ಪು ತನ್ನದೇ ಎಂದು ದಿಕ್ಸೂಚಿಗೆ ಗೊತ್ತಿತ್ತು. ಗೊತ್ತಿದ್ದವನು ತಪ್ಪಾಯಿತು ಅನ್ನಬೇಕಿತ್ತು. ಅವನು ಅದನ್ನು ಬಿಟ್ಟು ವರ್ಗಾವಣೆಗೆ ಅರ್ಜಿ ಹಾಕಿದ, ರೈಲು ಹಳಿಯೇ ಮುಗಿದುಹೋಗುವ ಒಂದು ಊರಿಗೆ. ಅಲ್ಲಿ ಇರುವುದು ಒಂದೇ ಬೀದಿ, ದಾರಿ ತಪ್ಪುವುದಕ್ಕೆ ಜಾಗವೇ ಇಲ್ಲ. ಯಾರಿಗೂ ಬೇಡದ ಊರು, ಆದ್ದರಿಂದ ಆದೇಶ ಎಂಟೇ ದಿನದಲ್ಲಿ ಬಂತು. ಒಪ್ಪಿದ್ದೇನೆ ಎಂದು ಸಹಿ ಹಾಕಿ ಶನಿವಾರ ಬೆಳಿಗ್ಗೆ ಹನ್ನೊಂದರೊಳಗೆ ಮೇಲಿನ ಮಹಡಿಗೆ ಕೊಡಬೇಕು. ಕೊಟ್ಟರೆ ಮತ್ತೆ ಹಿಂದಕ್ಕೆ ಬರುವ ಮಾತಿಲ್ಲ. ಅವನಿಗೆ ಬೇಕಾಗಿದ್ದುದು ಹೆಂಡತಿಯ ಒಂದು ಮಾತು, ಹೋಗಬೇಡಿ ಅನ್ನುವ ಮಾತು. ಅವಳಿಗೆ ವಿಷಯವೇ ಗೊತ್ತಿಲ್ಲ. ಹೇಳೋಣವೆಂದರೆ ಮಾತಿಲ್ಲ. ಕಾಗದವನ್ನು ಅಂಗಿಯ ಜೇಬಿನಲ್ಲಿ ಮಡಚಿಟ್ಟುಕೊಂಡು ಓಡಾಡಿದ.

ಯಂತ್ರ ಬಂದ ಮರುದಿನ, ಸೋಮವಾರ, ಮಧ್ಯಾಹ್ನ ಮೂರು ಗಂಟೆ. ದಿಕ್ಸೂಚಿ ಕಿಟಕಿಯ ಹಿಂದೆ ಕುಳಿತು ಕೊಡೆಗಳಿಗೆ ಚೀಟಿ ಕಟ್ಟುತ್ತಿದ್ದ. ಹಿಮ್ಮಡಿಗೆ ಏನೋ ತಾಗಿತು. ಬಗ್ಗಿ ನೋಡಿದರೆ ಕಪ್ಪು ಬಾಣಲೆ. "ಮನೆಗೆ ಹಿಂತಿರುಗಲಾಗಿದೆ" ಎಂದು ಹೇಳಿ ಅದು ದೀಪ ಆರಿಸಿಕೊಂಡಿತು.

ಮನೆಯಿಂದ ಕಚೇರಿಗೆ ಒಂದೂವರೆ ಮೈಲಿ, ನಡುವೆ ಎರಡು ಸಿಗ್ನಲ್ಲು, ಒಂದು ಸೇತುವೆ. ಹೇಗೆ ಬಂತು ಎಂದು ನನ್ನನ್ನು ಕೇಳಬೇಡಿ. ಪಕ್ಕದ ಮೇಜಿನ ಹಿರಿಯ ಗುಮಾಸ್ತ ಸಿಕ್ಕಿದ್ದೆಲ್ಲ ಓದುವವನು. ಪಾರಿವಾಳ ಸೂರ್ಯನನ್ನು ನೋಡಿ ಬರುತ್ತದೋ, ಭೂಮಿಯ ಅಯಸ್ಕಾಂತ ಹಿಡಿದು ಬರುತ್ತದೋ, ಮೂಗು ಹಿಡಿದ ದಾರಿಯಲ್ಲಿ ಬರುತ್ತದೋ ಎಂದು ಪಂಡಿತರೇ ಇನ್ನೂ ಕಿತ್ತಾಡುತ್ತಿದ್ದಾರೆ, ಇದು ಬಹುಶಃ ನಿನ್ನ ಕಾಲ್ಚೀಲದ ವಾಸನೆ ಹಿಡಿದು ಬಂದಿರಬೇಕು ಎಂದ.

ಪಾರಿವಾಳದ ಮಾತು ಬಂದದ್ದಕ್ಕೆ ಕಾರಣವಿತ್ತು. ಕಳೆದ ತಿಂಗಳು ಯಾರೋ ಒಂದು ಪಂದ್ಯದ ಪಾರಿವಾಳವನ್ನು ರೈಲಿನಲ್ಲಿ ಸಿಕ್ಕಿತೆಂದು ತಂದು ಕೊಟ್ಟಿದ್ದರು. ಕಿಟಕಿ ತೆಗೆದರೆ ತಾನೇ ಮನೆಗೆ ಹೋಗುತ್ತದೆ ಎಂದು ಎಲ್ಲರೂ ಹೇಳಿದರು. ಸಾಹೇಬರು ಒಪ್ಪಲಿಲ್ಲ. ವಸ್ತು ವಾರಸುದಾರನ ಕೈಗೆ ಹೋಗಬೇಕು, ವಾರಸುದಾರ ಸಹಿ ಹಾಕಬೇಕು. ವಾರಸುದಾರ ಬಂದ. ಅವನದೇ ಹೌದೋ ಅಲ್ಲವೋ ನೋಡಲು ಪಂಜರ ತೆರೆದಾಗ ಹಕ್ಕಿ ವೆಂಟಿಲೇಟರಿನಿಂದ ಹಾರಿಹೋಯಿತು. ಕೈಗೆ ಬಾರದ ವಸ್ತುವಿಗೆ ಸಹಿ ಹಾಕಲಾರೆ ಎಂದು ಅವನು, ಸಹಿಯಿಲ್ಲದೆ ಲೆಕ್ಕ ಮುಗಿಸಲಾರೆ ಎಂದು ಸಾಹೇಬರು. ಕೊನೆಗೆ ಅವನು ಮನೆಗೆ ಓಡಿ, ಗೂಡಿನಲ್ಲಿ ಆರಾಮವಾಗಿ ಕುಳಿತಿದ್ದ ಹಕ್ಕಿಯನ್ನು ಹಿಡಿದು ತಂದು, ತೋರಿಸಿ, ಸಹಿ ಹಾಕಿ, ತಗೊಂಡು ಹೋದ. ಅಂದಿನಿಂದ ತಾನಾಗಿ ಬರುವ, ತಾನಾಗಿ ಹೋಗುವ ವಸ್ತುಗಳ ಮೇಲೆ ಸಾಹೇಬರಿಗೆ ಕೆಟ್ಟ ಸಿಟ್ಟು. ಯಂತ್ರವನ್ನು ಕಂಡ ಕೂಡಲೇ ರಿಜಿಸ್ಟರ್ ತರಿಸಿದರು. ಸಿಕ್ಕಿದ ಜಾಗ: ಗುಮಾಸ್ತನ ಕಾಲಬುಡ. ತಂದು ಕೊಟ್ಟವರು: ವಸ್ತುವೇ.

ಸಂಜೆ ದಿಕ್ಸೂಚಿ ಸಹಿ ಹಾಕಿ, ಅದನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟ. ಬೀದಿಗೆ ಇಳಿದರೆ ಒಂದು ವಿಚಿತ್ರ. ಧೂಳಿನ ರಸ್ತೆಯ ಅಂಚಿನಲ್ಲಿ ಒಂದು ಗೇಣು ಅಗಲದ ಚೊಕ್ಕ ಗೆರೆ. ಯಂತ್ರ ಬರುವಾಗ ದಾರಿಯುದ್ದಕ್ಕೂ ಗುಡಿಸಿಕೊಂಡೇ ಬಂದಿತ್ತು. ಅವನು ಆ ಗೆರೆಯ ಮೇಲೆ ಹೆಜ್ಜೆ ಇಡುತ್ತಾ ಹೋದ. ಗಡಿಯಾರದ ಅಂಗಡಿ ನೋಡಲಿಲ್ಲ, ಗೇಟು ನೋಡಲಿಲ್ಲ, ನೇರ ಮನೆಯ ಬಾಗಿಲಿಗೆ ಹೋಗಿ ನಿಂತ. ಹದಿನಾರು ವರ್ಷದಲ್ಲಿ ಅಷ್ಟು ಬೇಗ ಅವನು ಮನೆ ಸೇರಿರಲಿಲ್ಲ.

ಈಗ ನೋಡಿ, ಮಾತು ಬಿಟ್ಟವರ ಮನೆಯ ಚಂದ. ಇವನು ಯಂತ್ರವನ್ನು ನೆಲಕ್ಕಿಟ್ಟು ಹೆಂಡತಿಯ ಮುಖ ನೋಡಿದ. ಅವಳೇ ಕಳಿಸಿದ್ದಾಳೆ, ಬಾಯಲ್ಲಿ ಕರೆಯಲಾರದೆ ಯಂತ್ರದ ಕೈಲಿ ಕರೆಸಿದ್ದಾಳೆ ಎಂದು ಅವನ ಎದೆ ತುಂಬಿತ್ತು. ಅವಳೋ, ಮಧ್ಯಾಹ್ನದಿಂದ ಕಾಣೆಯಾಗಿದ್ದ ಯಂತ್ರವನ್ನು ಗಂಡನ ಕಂಕುಳಲ್ಲಿ ಕಂಡು, ಮನೆಯ ಕಸ ಗುಡಿಸದ ಮಹರಾಯ ನನ್ನ ಯಂತ್ರವನ್ನು ಕದ್ದೊಯ್ದು ಕಚೇರಿ ಗುಡಿಸಿಕೊಂಡು ಬಂದಿದ್ದಾನೆ ಎಂದು ಹಲ್ಲು ಕಚ್ಚಿದಳು. ಅವಳು ಕೇಳಲಿಲ್ಲ, ಇವನು ಹೇಳಲಿಲ್ಲ. ಎತ್ತು ಏರಿಗೆ, ಕೋಣ ನೀರಿಗೆ. ಮಂಗಳವಾರ ಮೂರಕ್ಕೆ ಯಂತ್ರ ಮತ್ತೆ ಬಂತು, ಬುಧವಾರವೂ ಬಂತು. ಪ್ರತಿ ಸಂಜೆ ಇವನ ಮುಖ ಅರಳುತ್ತಾ ಹೋಯಿತು, ಅವಳ ಮುಖ ಗಂಟಾಗುತ್ತಾ ಹೋಯಿತು. ತಟ್ಟೆ ಇಡುವ ಸದ್ದು ದಿನಕ್ಕಿಷ್ಟು ಜೋರಾಯಿತು. ಒಳಗೊಳಗೇ ಕರಗುತ್ತಿದ್ದಾಳೆ, ಹೊರಗೆ ತೋರಿಸಿಕೊಳ್ಳಲಾರಳು ಎಂದು ಇವನು ಅರ್ಥ ಮಾಡಿಕೊಂಡ.

ಗುರುವಾರ ಯಂತ್ರದ ಹಿಂದೆಯೇ ಬೀದಿ ಗುಡಿಸುವ ಹೆಂಗಸೊಬ್ಬಳು ಉದ್ದ ಪೊರಕೆ ಹಿಡಿದು ಕಚೇರಿಗೆ ನುಗ್ಗಿದಳು. ಸೊಂಟಕ್ಕೆ ಸೆರಗು ಬಿಗಿದಿದ್ದಳು. ಇದು ಯಾರ ಮನೆಯ ಕೆಲಸ ಎಂದು ಕೇಳಿದಳು. ಊರಿನ ರಸ್ತೆಯೆಲ್ಲ ಒಂದೇ ಸಮನೆ ಧೂಳಾಗಿದ್ದಾಗ ಯಾರೂ ಒಂದು ಮಾತು ಅಂದಿರಲಿಲ್ಲವಂತೆ. ನಡುವೆ ಒಂದು ಗೇಣು ಚೊಕ್ಕ ಮಾಡಿಟ್ಟ ಮೇಲೆ ಉಳಿದದ್ದೆಲ್ಲ ಕೊಳಕು ಎಂದು ಎಲ್ಲರ ಕಣ್ಣಿಗೂ ಬಿದ್ದು, ಅವಳ ಮೇಲೆ ನಾಲ್ಕು ದಿನದಲ್ಲಿ ಇಪ್ಪತ್ತಾರು ದೂರು. ಗುಡಿಸುವುದಾದರೆ ಪೂರ್ತಿ ಗುಡಿಸಲಿ, ಇಲ್ಲದಿದ್ದರೆ ಮನೆಯಲ್ಲಿ ಬಿದ್ದಿರಲಿ ಎಂದಳು. ಯಂತ್ರ ದಿಕ್ಸೂಚಿಯ ಹಿಮ್ಮಡಿಗೆ ತಾಗಿ, ಮನೆಗೆ ಹಿಂತಿರುಗಲಾಗಿದೆ ಎಂದು ಹೇಳಿ ಮಲಗಿತು. ಅವಳು ಮೂಗಿನ ಮೇಲೆ ಬೆರಳಿಟ್ಟುಕೊಂಡಳು. ವಿಳಾಸ ಕೇಳಿ ಬರೆದುಕೊಂಡು, ನೋಟಿಸು ಅಲ್ಲಿಗೇ ಬರುತ್ತದೆ ಎಂದು ಹೇಳಿ ಹೋದಳು.

ಶುಕ್ರವಾರ ಬೆಳಿಗ್ಗೆಯಿಂದಲೇ ದಿಕ್ಸೂಚಿಗೆ ಮೈಮೇಲೆ ಗ್ಯಾನ ಇರಲಿಲ್ಲ. ಒಂದು ಕೈಚೀಲಕ್ಕೆ ಕೊಡೆಯ ಚೀಟಿ ಕಟ್ಟಿದ. ಮನಸ್ಸಿನಲ್ಲಿ ಒಂದು ಒಪ್ಪಂದ ಮಾಡಿಕೊಂಡಿದ್ದ: ಇವತ್ತೂ ಯಂತ್ರ ಬಂದರೆ ಅವಳಿಗೆ ನಾನು ಬೇಕು, ಕಾಗದ ಹರಿದು ಹಾಕುತ್ತೇನೆ, ಬರದಿದ್ದರೆ ಸಹಿ ಹಾಕುತ್ತೇನೆ. ಬರುವುದರಲ್ಲಿ ಅವನಿಗೆ ಅನುಮಾನವೇ ಇರಲಿಲ್ಲ.

ಮೂರು ಹೊಡೆಯಿತು. ಮೂರೂಕಾಲಾಯಿತು. ಮೇಜಿನ ಕೆಳಗೆ ಬಗ್ಗಿ ನೋಡಿದ, ಬಾಗಿಲಾಚೆ ನೋಡಿದ. ಮೂರೂವರೆಗೆ ಹಿರಿಯ ಗುಮಾಸ್ತ ಇವತ್ತು ನಿನ್ನ ಬಳಗ ಬರಲಿಲ್ಲವೇ ಎಂದು ಕೇಳಿದ. ನಾಲ್ಕಾಗುವಾಗ ದಿಕ್ಸೂಚಿ ಜೇಬಿನ ಕಾಗದ ತೆಗೆದು ಸಹಿ ಹಾಕಿದ. ಸಹಿ ಬೇರೆ ಯಾರದೋ ಹಾಗೆ ಕಂಡಿತು. ಕೊಟ್ಟುಬಿಡೋಣ ಎಂದು ಎದ್ದು ಮೆಟ್ಟಿಲಿಗೆ ಹೋದ. ಮೇಲೆ ಹೋಗಬೇಕಾದವನು ಕೆಳಗೆ ಇಳಿದ. ಇದು ಅವನಿಗೆ ಹೊಸದಲ್ಲ, ಆದರೆ ಈ ಸಲ ತಪ್ಪಿ ಇಳಿದದ್ದಲ್ಲ. ದಾರಿಯಲ್ಲಿ ಅದಕ್ಕೆ ಏನಾದರೂ ಆಗಿರಬಹುದು, ಯಾವುದೋ ಚಕ್ರದಡಿ ಸಿಕ್ಕಿರಬಹುದು ಎಂದು ಹುಡುಕಲು ಹೊರಟಿದ್ದ.

ಬೀದಿಗೆ ಬಂದರೆ ಗೆರೆಯೇ ಇಲ್ಲ. ಬೀದಿ ಗುಡಿಸುವವಳು ಹಟಕ್ಕೆ ಬಿದ್ದು ಇಡೀ ರಸ್ತೆಯನ್ನು ಈ ಅಂಚಿನಿಂದ ಆ ಅಂಚಿನವರೆಗೆ ಗುಡಿಸಿ ಕನ್ನಡಿ ಮಾಡಿಟ್ಟಿದ್ದಳು. ನಾಲ್ಕು ದಿನ ಗೆರೆ ನಂಬಿ ನಡೆದವನಿಗೆ ಹಳೆಯ ಗುರುತೂ ಮರೆತುಹೋಗಿತ್ತು. ಗಡಿಯಾರದ ಅಂಗಡಿ ಎಡಕ್ಕಿತ್ತೋ ಬಲಕ್ಕಿತ್ತೋ? ಅವನು ಚಪ್ಪಲಿ ಹೊಲಿಯುವವನೊಬ್ಬನ ಮುಂದೆ ಹೋಗಿ ನಿಂತ. ತನ್ನ ಕಾಲನ್ನೇ ನೋಡಿಕೊಂಡ. ಚಪ್ಪಲಿ ಹೊಲಿಯುವವನು, ಕಿತ್ತಿರೋದು ಯಾವುದು, ಎಡದ್ದೋ ಬಲದ್ದೋ ಎಂದು ಕೇಳಿದ.

"ಚಪ್ಪಲಿ ಅಲ್ಲ," ಎಂದ ದಿಕ್ಸೂಚಿ. "ನಮ್ಮ ಮನೆಗೆ ಹೇಗೆ ಹೋಗೋದು?"

ಆ ಮನುಷ್ಯ ದಬ್ಬಳ ಕೆಳಗಿಟ್ಟು ಅವನನ್ನು ಅಡಿಯಿಂದ ಮುಡಿಯ ತನಕ ನೋಡಿದ. ದಿಕ್ಸೂಚಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೆ ಅವನು ನಗಲಿಲ್ಲ. ನಿಮ್ಮನ್ನು ದಿನಾ ಸಂಜೆ ನೋಡುತ್ತೇನಲ್ಲ, ಆ ಮಿಷನ್ನಿನ ಮನೆಯವರಲ್ಲವೇ ನೀವು, ಅದು ದಿನಾ ಸೇತುವೆ ಕಡೆಯಿಂದ ಬರುತ್ತದೆ, ಇವತ್ತು ಕಾಣಲಿಲ್ಲ, ಹೀಗೆ ನೇರ ಹೋಗಿ ಎಂದ.

ಅಷ್ಟೇ. ಆಕಾಶ ಬೀಳಲಿಲ್ಲ. ಹದಿನಾರು ವರ್ಷ ಕಟ್ಟಿದ್ದ ಕಟ್ಟೆ ಒಡೆದಂತೆ ದಿಕ್ಸೂಚಿ ಕೇಳತೊಡಗಿದ. ಸೇತುವೆಯ ಮೇಲೆ ಮಗು ಎತ್ತಿಕೊಂಡವಳನ್ನು ಕೇಳಿದ. ಏಣಿಯ ಮೇಲೆ ನಿಂತು ಬೋರ್ಡು ಬರೆಯುತ್ತಿದ್ದವನನ್ನು ಕೇಳಿದ, ಅವನು ಕುಂಚದಿಂದಲೇ ದಿಕ್ಕು ತೋರಿಸಿ ಇವನ ಅಂಗಿಗೆ ಹಳದಿ ಹನಿಸಿದ. ಸಿಗ್ನಲ್ಲಿನ ಪೊಲೀಸು ಪ್ರಶ್ನೆ ಸರಿಯಾಗಿ ಕೇಳಿಸಲೆಂದು ನಾಲ್ಕೂ ಕಡೆಯ ಗಾಡಿ ನಿಲ್ಲಿಸಿದ. ಗೊತ್ತಿದ್ದ ತಿರುವಿನಲ್ಲೂ ನಿಂತು ಕೇಳಿದ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರ ಹತ್ತಿರ ಸರಿಯೇ ಎಂದು ಕೇಳಿದ. ಕೇಳುವುದರಲ್ಲಿ ಇಷ್ಟು ಸುಖ ಇದೆಯೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಮನೆಯ ಬಾಗಿಲು ತೆರೆದಿತ್ತು. ಮುಂದಿನ ಕೋಣೆಯ ನಟ್ಟನಡುವೆ ಯಂತ್ರ ನಿಂತಲ್ಲೇ ಗಿರಗಿರ ಸುತ್ತುತ್ತಿತ್ತು. ಅರ್ಧ ನಿಮಿಷಕ್ಕೊಮ್ಮೆ "ದಯವಿಟ್ಟು ಮನೆಯನ್ನು ತೋರಿಸಿ" ಎನ್ನುತ್ತಿತ್ತು. ಹೆಂಡತಿ ಗೊಂಬೆಗೆ ತೊಡಿಸಿದ ಬಟ್ಟೆಯ ಮುಂದೆ ಮಂಡಿಯೂರಿದ್ದಳು. ತುಟಿಯ ನಡುವೆ ಏಳೆಂಟು ಗುಂಡುಪಿನ್ನು. ಮೇಜಿನ ಮೇಲೆ ಬೀದಿ ಗುಡಿಸುವವರ ನೋಟಿಸು ಬಿದ್ದಿತ್ತು. ಅವಳು ಇವನನ್ನು ನೋಡಿ, ಒಂದೊಂದೇ ಪಿನ್ನು ತೆಗೆದು ದಿಂಬಿಗೆ ಚುಚ್ಚಿದಳು. ಅಷ್ಟೂ ಮುಗಿಯುವ ತನಕ ಅವನು ಹೊಸ್ತಿಲಲ್ಲೇ ನಿಂತಿದ್ದ.

"ಇದಕ್ಕೆ ನೀವೇ ಮನೆ ಆಗಿದ್ರಂತೆ," ಎಂದಳು. ಹದಿನೇಳು ದಿನದ ಮೇಲೆ ಬಂದ ದನಿ ಸ್ವಲ್ಪ ಒಡೆದಿತ್ತು. "ನೋಟಿಸು ನೋಡಿ ಕಂಪನಿಯವರಿಗೆ ಫೋನ್ ಮಾಡ್ದೆ. ಹಳೇ ಮನೆ ಅಳಿಸಿದೀವಿ, ಹೊಸದು ಹೇಳಿ ಅಂದ್ರು. ನಾನು ನೀವು ಕದೀತಿದ್ದೀರಿ ಅಂದ್ಕೊಂಡಿದ್ದೆ ಕಣ್ರೀ."

ಹಾಗಾದರೆ ಹೊಸ ಮನೆ ಯಾಕೆ ಹೇಳಲಿಲ್ಲ ಎಂದು ಅವನು ಕೇಳಿದ. ಅವಳು ಚಾರ್ಜಿನ ಹಲಗೆಯ ಕಡೆ ನೋಡಿದಳು. ಹಲಗೆ ತೋರಿಸಿ ಇದು ಮನೆ ಅನ್ನಲು ಮಧ್ಯಾಹ್ನದಿಂದ ಬಾಯೇ ಬರಲಿಲ್ಲ ಎಂದಳು. ಆಮೇಲೆ ಅವನ ಅಂಗಿಯ ಹಳದಿ ಕಲೆ ಕಂಡು, ಇಷ್ಟು ಬೇಗ ದಾರಿ ಹೇಗೆ ಸಿಕ್ಕಿತು ಎಂದು ಕೇಳಿದಳು. ಕೇಳಿಕೊಂಡು ಬಂದೆ ಎಂದ. ಯಾರನ್ನು ಎಂದಳು. ಎಲ್ಲರನ್ನೂ ಎಂದ.

ಅವಳ ಬಾಯಿಯ ಅಂಚಿನಲ್ಲಿ ನಗು ಬಂತು. ಆ ನಗು ಕಂಡ ಧೈರ್ಯದ ಮೇಲೆ ಅವನು ಜೇಬಿನ ಕಾಗದ ತೆಗೆದು ಅವಳ ಕೈಗೆ ಕೊಟ್ಟ. ಅವಳು ನಿಂತೇ ಓದಿದಳು. ಊರಿನ ಹೆಸರು ಓದಿದಳು, ತಾರೀಖು ಓದಿದಳು, ಸಹಿಯ ಮೇಲೆ ಬೆರಳಾಡಿಸಿದಳು. ನಗು ಇಳಿದುಹೋಯಿತು. ತಂಗಿಯ ಮಗಳ ಮದುವೆಯ ದಿನವೂ ಬಾರದ ನೀರು ಅವಳ ಕಣ್ಣಲ್ಲಿ ಈಗ ಬಂತು.

"ಊರೋರ್ನೆಲ್ಲ ಕೇಳಿದ್ರಿ," ಎಂದಳು. "ಇದನ್ನ ಬರೆಯೋವಾಗ ನನ್ನನ್ನ ಕೇಳಿದ್ರಾ?"

ಚಪ್ಪಲಿ ಹೊಲಿಯುವವನ ಮುಂದೆ ಪಟ್ಟ ನಾಚಿಕೆ ಇದರ ಮುಂದೆ ಏನೂ ಅಲ್ಲ. ಈ ಮನೆ ಹಿಡಿಯುವಾಗ ಇವಳನ್ನು ಕೇಳಿರಲಿಲ್ಲ, ಕಾರು ಕೊಳ್ಳುವಾಗ ಕೇಳಿರಲಿಲ್ಲ, ನಾಲ್ಕು ಗಂಟೆ ಸುತ್ತುವಾಗ ಇವಳಿಗೇ ದಾರಿ ಗೊತ್ತಿತ್ತೋ ಏನೋ, ಅದನ್ನೂ ಕೇಳಿರಲಿಲ್ಲ. ಯಂತ್ರ ಇಬ್ಬರ ನಡುವೆ ಸುತ್ತುತ್ತಲೇ ಇತ್ತು.

"ಈಗ ಕೇಳ್ತೀನಿ," ಎಂದ. "ನಾಳೆ ಕೊಡ್ಬೇಕು ಇದನ್ನ. ಹೋಗ್ಲಾ?"

"ಬೇಡ."

ಯಂತ್ರ ಸುತ್ತುವುದನ್ನು ನಿಲ್ಲಿಸಿತು. "ಕ್ಷಮಿಸಿ. ಬೇಡ ಎಂಬ ಸ್ಥಳವು ಕಂಡುಬಂದಿಲ್ಲ. ದಯವಿಟ್ಟು ಇನ್ನೊಮ್ಮೆ ಸ್ಪಷ್ಟವಾಗಿ ಹೇಳಿ."

ಅವಳು ಯಂತ್ರದ ಕಡೆ ತಿರುಗಲಿಲ್ಲ. ಗಂಡನ ಮುಖ ನೋಡಿಕೊಂಡೇ ಇನ್ನೊಮ್ಮೆ, ಸ್ಪಷ್ಟವಾಗಿ, ಬೀದಿಗೆಲ್ಲ ಕೇಳಿಸುವ ಹಾಗೆ ಹೇಳಿದಳು.